ಸರಾಸರಿಯವರ ವಾಷಿಂಗ್ ಮಷೀನ್

ಎಲ್ಲಕ್ಕೂ ಮೂಲ ಒಂದು ಹಳೆಯ ವಾಷಿಂಗ್ ಮಷೀನ್. ವರ್ಷಗಟ್ಟಲೆ ಮನೆಮಂದಿಯ ಬಟ್ಟೆ ಒಗೆದ ಅದು, ಒಂದು ದಿನ ಒದ್ದೆ ಹೊದಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚಿತು. ರಿಪೇರಿಯವನು ಬಂದು, ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ನೋಡಿ, ಮತ್ತೆ ಮುಚ್ಚಳ ಹಾಕಿ ಹೊರಟುಹೋದ. ಅಂದಿನಿಂದ ಹೆಂಡತಿ ಕೈಯಲ್ಲೇ ಬಟ್ಟೆ ಒಗೆಯುತ್ತಿದ್ದಳು. ಗಂಡ ಸುಮ್ಮನೆ ಕುಳಿತಿರಲಿಲ್ಲ. ಆಕೆ ಒಗೆಯುವಾಗ ಬಚ್ಚಲ ಬಾಗಿಲಲ್ಲಿ ನಿಂತು, "ಸೋಪು ಖರ್ಚಾಗೋ ಲೆಕ್ಕ ನೋಡಿದ್ರೆ ಸೋಪು ಕಂಪನಿ ಷೇರು ಏರ್ಲೇಬೇಕು" ಎಂದು ಅಭಿಪ್ರಾಯ ಕೊಡುತ್ತಿದ್ದರು.

ಈ ಗಂಡ ನೀರು ಸರಬರಾಜು ಕಚೇರಿಯ ಗುಮಾಸ್ತರು. ಕಚೇರಿಯಲ್ಲಿ ಅವರ ಅಡ್ಡಹೆಸರು 'ಸರಾಸರಿ'. ನೂರಕ್ಕೆ ಕೊಂಡ ಷೇರು ಎಂಬತ್ತಕ್ಕೆ ಇಳಿದರೆ ಬೇರೆಯವರು ಹಣೆ ಚಚ್ಚಿಕೊಳ್ಳುತ್ತಾರೆ. ಇವರು ಅಷ್ಟೇ ಷೇರು ಮತ್ತೆ ಕೊಂಡು, "ಈಗ ತೊಂಬತ್ತಕ್ಕೆ ಬಿದ್ದಹಾಗಾಯ್ತು, ಸರಾಸರಿ ಮಾಡಿದೆ" ಎನ್ನುತ್ತಾರೆ. ಅರವತ್ತಕ್ಕೆ ಇಳಿದರೆ ಮತ್ತೆ ಸರಾಸರಿ. ಮುಳುಗುವ ದೋಣಿಗೆ ಇನ್ನೂ ನಾಲ್ಕು ಜನರನ್ನು ಹತ್ತಿಸಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವ ಭಯ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಹೀಗೆ ಸರಾಸರಿ ಮಾಡಿ ಮಾಡಿ ಅವರ ಉಳಿತಾಯವೆಲ್ಲ ನೀರಲ್ಲಿ ಹೋಮ ಮಾಡಿದಂತಾಗಿತ್ತು.

ಆದ್ದರಿಂದ ಹೊಸ ಮಷೀನಿಗೆ ದುಡ್ಡು ಹೆಂಡತಿಯದೇ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದು, ಬಿರಿದ ಅಂಗೈಯಲ್ಲೇ ಸೂಜಿ ಹಿಡಿದು ಕೂಡಿಸಿದ್ದು. ತಿಂಗಳ ಕೊನೆಯ ದಿನ ಬೆಳಗ್ಗೆ ಅದನ್ನು ಗಂಡನ ಖಾತೆಗೆ ಹಾಕಿ, ಕೈಗೊಂದು ಕೆಂಪು ದಾರ ಕೊಟ್ಟಳು. ದಾರದಲ್ಲಿ ಎರಡು ಗಂಟು.

"ಬಚ್ಚಲ ಮೂಲೆಯ ಅಗಲ ಇದು. ಈ ಗಂಟಿಂದ ಆ ಗಂಟಿನೊಳಗೆ ಮಷೀನ್ ಕೂರ್ಬೇಕು. ಅಳತೆ ನೋಡಿ ತನ್ನಿ."

"ಆಯ್ತು ಮಾರಾಯ್ತಿ."

"ಇನ್ನೊಂದು ಮಾತು. ಇದು ಮಷೀನಿನ ದುಡ್ಡು, ಷೇರಿನ ದುಡ್ಡಲ್ಲ. ಈ ಸಲ ಏನಾದ್ರೂ ಆದ್ರೆ ನಾನು ತವರಿಗೆ ಹೋಗಲ್ಲ, ನಿಮ್ಮನ್ನೇ ನಿಮ್ಮ ಅಕ್ಕನ ಮನೆಗೆ ಕಳಿಸ್ತೀನಿ."

ಅಕ್ಕನ ಹೆಸರು ಬಂದ ಕೂಡಲೇ ಸರಾಸರಿಯವರ ಬೆನ್ನು ತಣ್ಣಗಾಯಿತು. ಆ ಮನೆಯಲ್ಲಿ ಬೆಳಗ್ಗೆ ಐದಕ್ಕೆ ಏಳಿಸುತ್ತಾರೆ, ಭಾವನವರು ಊಟದ ಹೊತ್ತಿಗೆ ಬುದ್ಧಿ ಹೇಳುತ್ತಾರೆ.

ಕಚೇರಿಗೆ ಹೋಗುವ ದಾರಿಯಲ್ಲೇ ಅಂಗಡಿ. ಇನ್ನೂ ಬಾಗಿಲು ತೆರೆದಿರಲಿಲ್ಲ. ಗಾಜಿನ ಹಿಂದೆ ಮಷೀನುಗಳು ಸಾಲಾಗಿ ಬಾಯಿ ತೆರೆದುಕೊಂಡು ಕುಳಿತಿದ್ದವು. ಅಳತೆಯನ್ನಾದರೂ ನೋಡಿಟ್ಟುಕೊಂಡು ಮಧ್ಯಾಹ್ನ ಬಂದು ಕೊಂಡರಾಯಿತು ಎಂದು ಸರಾಸರಿಯವರು ಹೆಂಡತಿಗೆ ಫೋನ್ ಹಚ್ಚಿ, ಅದನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ದಾರ ಹಿಡಿದು ಗಾಜಿಗೆ ಮೂಗು ತಾಗಿಸಿ ನಿಂತರು.

"ಗಂಟು ಮುಟ್ಟತ್ತಾ?" ಹೆಂಡತಿ ಕೇಳಿದಳು.

"ಎರಡು ಬೆರಳು ಉಳಿಯತ್ತೆ."

"ನಿಮ್ಮ ಬೆರಳಾ, ನನ್ನ ಬೆರಳಾ?"

"ನಿನ್ನ ಬೆರಳು ಇಲ್ಲಿಗೆ ಎಲ್ಲಿಂದ ತರ್ಲಿ?"

"ಒಂದು ಕಣ್ಣು ಮುಚ್ಚಿ ನೋಡಿ. ದೂರದ್ದು ಸರಿಯಾಗಿ ಕಾಣತ್ತೆ. ಪಕ್ಕದ್ದನ್ನೂ ನೋಡಿ. ಅದರ ಪಕ್ಕದ್ದು?"

ಒಂದು ಕಣ್ಣು ಮುಚ್ಚಿಕೊಂಡು, ಮಷೀನಿನಿಂದ ಮಷೀನಿಗೆ ಸರಿಯುತ್ತ, ಸರಾಸರಿಯವರು ಎಲ್ಲವನ್ನೂ ಅಳೆದರು. ಎಲ್ಲ ಮುಗಿದು ಹಿಂತಿರುಗಿದರೆ, ಆಶ್ಚರ್ಯ! ಹಾಲಿನ ಪಾತ್ರೆ ಹಿಡಿದ ಅಜ್ಜನಿಂದ ಹಿಡಿದು ಬೀದಿ ತಿರುವಿನವರೆಗೆ ಜನ ಸಾಲು ನಿಂತಿದ್ದರು.

"ಏನ್ ಸ್ವಾಮಿ, ಸಾಲು ಬಿಟ್ಟು ಹೋಗ್ತಿದೀರಾ?" ಅಜ್ಜ ಕೇಳಿದ.

"ಆಫೀಸಿಗೆ ಹೊತ್ತಾಯ್ತು. ಏನಜ್ಜ, ಇಷ್ಟೊಂದು ಜನ!"

"ಕಾಲ ಹಾಗಿದೆಯಪ್ಪ. ಹಿಂದೆ ಬಿದ್ದೋರಿಗೆ ಏನೂ ಸಿಗಲ್ಲ" ಎಂದು ಅಜ್ಜ ಒಂದು ಹೆಜ್ಜೆ ಮುಂದೆ ಬಂದು ಗಾಜಿಗೆ ಮೂಗು ತಾಗಿಸಿದ. ಸರಾಸರಿಯವರು ಆ ಮಾತನ್ನು ಮೆಲುಕು ಹಾಕುತ್ತ ಕಚೇರಿ ಸೇರಿದರು.

ಕಚೇರಿಯಲ್ಲಿ ಷೇರು ಪಂಡಿತರೆಂದರೆ ಕ್ಯಾಷಿಯರ್. ಹಣ ಎಣಿಸುವ ಕೆಲಸದಲ್ಲಿದ್ದುದರಿಂದ ಹಣದ ಗುಟ್ಟೂ ಅವರಿಗೆ ಗೊತ್ತಿರಲೇಬೇಕು ಎಂದು ಎಲ್ಲರೂ ನಂಬಿದ್ದರು. ಅವರ ಸಿದ್ಧಾಂತ ಒಂದೇ: "ಪೇಪರ್ ಓದ್ಬೇಡಿ, ಬೀದಿ ಓದಿ. ಜನ ಏನು ಕೊಳ್ತಿದಾರೆ ನೋಡಿ, ಅದರ ಷೇರು ಕೊಳ್ಳಿ." ದಿನಾ ಬೆಳಗಿನ ಚಹಾಕ್ಕೆ ಒಬ್ಬೊಬ್ಬರೂ ಬೀದಿಯಿಂದ ಒಂದು ಸುದ್ದಿ ತರಬೇಕು. ಸರಾಸರಿಯವರು ಇಷ್ಟು ದಿನ ತಂದ ಸುದ್ದಿಯೆಲ್ಲ ಹಳಸಿದ್ದು. ಇವತ್ತು ಮಾತ್ರ ಹೊಳೆಯುವ ಸುದ್ದಿ ಕೈಯಲ್ಲಿತ್ತು.

ಅವರು ಬಾಯಿ ತೆರೆಯುವಷ್ಟರಲ್ಲಿ ಕ್ಯಾಷಿಯರೇ ಓಡೋಡಿ ಬಂದರು. "ನೋಡಿದ್ರಾ? ಬರೋ ದಾರೀಲಿ ವಾಷಿಂಗ್ ಮಷೀನ್ ಅಂಗಡಿ ಮುಂದೆ ಸಾಲು! ಬಾಗಿಲು ತೆಗೆಯೋಕ್ಕೂ ಮುಂಚೆ!"

"ನಾನೇ ಕಣ್ಣಾರೆ ಕಂಡೆ ಸಾರ್. ಹತ್ತಿರದಿಂದ" ಎಂದರು ಸರಾಸರಿಯವರು.

"ಕೇಳಿಸ್ಕೊಂಡ್ರಾ? ಇಬ್ಬರು ಸಾಕ್ಷಿ! ಆರ್ಥಿಕ ಪರಿಸ್ಥಿತಿ ಹಾಳಾಗಿದೆ ಅಂತ ಟೀವೀಲಿ ಅರಚ್ತಾರಲ್ಲ, ಅವರನ್ನ ತಂದು ಆ ಸಾಲಲ್ಲಿ ನಿಲ್ಲಿಸ್ಬೇಕು."

ದೂರು ವಿಭಾಗದ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. ಅವರ ಕಿಟಕಿಯ ಮುಂದೆಯೂ ಒಂದು ಸಾಲಿತ್ತು. ನೀರಿನ ಬಿಲ್ಲನ್ನು ಕಂತಿನಲ್ಲಿ ಕಟ್ಟುತ್ತೇವೆ ಎಂದು ಬೇಡಿಕೊಳ್ಳಲು ಬಂದವರ ಸಾಲು. "ಇವರು ನೀರಿಗೇ ದುಡ್ಡಿಲ್ಲ ಅಂತಿದಾರೆ. ಆ ನೀರನ್ನ ಹಾಕೋ ಮಷೀನ್ ಯಾರ್ರೀ ಕೊಳ್ತಾರೆ?"

ಕ್ಯಾಷಿಯರ್ ನಕ್ಕರು. ಪಂಡಿತರು ಪಾಮರರನ್ನು ನೋಡಿ ನಗುವ ನಗೆ ಅದು. "ನೀರಿನ ಬಿಲ್ ಕಟ್ತಿಲ್ಲ ಅಂದ್ರೆ ಏನರ್ಥ ಮೇಡಂ? ದುಡ್ಡು ಬೇರೆ ಕಡೆ ಹೋಗ್ತಿದೆ. ಎಲ್ಲಿಗೆ? ವಾಷಿಂಗ್ ಮಷೀನಿಗೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ಹೇಳಿಲ್ವಾ? ಅದು ಗಾದೆ ಅಲ್ಲ, ಹೂಡಿಕೆ ಸಲಹೆ."

ಇಂಥ ತರ್ಕದ ಮುಂದೆ ಯಾರು ನಿಲ್ಲಬಲ್ಲರು? ಸರಾಸರಿಯವರ ಜೇಬಿನಲ್ಲಿ ಫೋನು, ಫೋನಿನಲ್ಲಿ ಹೆಂಡತಿಯ ದುಡ್ಡು. ಅವರ ಮನಸ್ಸು ಒಂದು ಯೋಜನೆ ಹೂಡಿತು. ಈಗ ಮಷೀನ್ ತಯಾರಿಸುವ ಕಂಪನಿಯ ಷೇರು ಕೊಳ್ಳುವುದು, ಮಧ್ಯಾಹ್ನ ಮಾರುವುದು, ಆ ದುಡ್ಡಲ್ಲಿ ಮಷೀನ್ ಕೊಳ್ಳುವುದು, ಮಿಕ್ಕ ಲಾಭದಲ್ಲಿ ಹೆಂಡತಿಯ ಅಂಗೈಗೆ ಒಳ್ಳೆಯ ಮುಲಾಮು. ಆಕೆಯ ಹಿತಕ್ಕಾಗಿಯೇ ಅಲ್ಲವೆ? ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿತು.

ಷೇರು ನಿಜಕ್ಕೂ ಏರಿತು. ಹನ್ನೊಂದು ಗಂಟೆಯ ಹೊತ್ತಿಗೆ ಸರಾಸರಿಯವರು ಕುರ್ಚಿಗೆ ಒರಗಿ ಕುಳಿತುಕೊಳ್ಳುವ ರೀತಿಯೇ ಬದಲಾಗಿತ್ತು. ಆಗಲೇ ಹೆಂಡತಿಯ ಫೋನು.

"ತಗೊಂಡ್ರಾ?"

ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ತಗೊಂಡೆ, ತಗೊಂಡೆ" ಎಂದರು.

"ಅಯ್ಯೋ, ನಿಜವಾಗ್ಲೂ? ನೀವು ಮತ್ತೆ ಆ ಷೇರಿಗೇ ಹಾಕ್ತೀರೇನೋ ಅಂತ ಬೆಳಗ್ಗಿಂದ ಎದೆ ಹೊಡ್ಕೋತಿತ್ತು. ತಪ್ಪಾಯ್ತು ರೀ, ಅನುಮಾನ ಪಟ್ಟೆ. ಸರಿ, ಗುಜರಿಯವನು ಬಾಗಿಲಲ್ಲೇ ಇದಾನೆ, ಹಳೇದನ್ನ ಕೊಟ್ಟುಬಿಡ್ತೀನಿ. ಪರದೆ, ಹೊದಿಕೆ, ದಿಂಬಿನ ಚೀಲ ಎಲ್ಲಾ ಈಗ್ಲೇ ನೆನೆಹಾಕ್ತೀನಿ. ಎದುರುಮನೆಯವಳಿಗೂ ಹೇಳಿದೀನಿ, ಅವಳೂ ನಾಲ್ಕು ಹೊದಿಕೆ ತರ್ತಾಳೆ."

ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಕುಲಾವಿಯನ್ನು ಒಗೆಯಲೂ ಹಾಕಿಯಾಗಿತ್ತು. ಸರಾಸರಿಯವರು ಫೋನಿನಲ್ಲಿ ಷೇರಿನ ಬೆಲೆ ತೆರೆದರು. ಈಗಲೇ ಮಾರಿಬಿಡೋಣ ಎಂದುಕೊಂಡರು. ಆದರೆ ಏರುತ್ತಿರುವುದನ್ನು ಮಾರುವುದು ಹೇಗೆ?

ಇಳಿಯತೊಡಗಿದಾಗಲೂ ಮಾರಲಿಲ್ಲ. ಇಳಿದಾಗ ಅವರು ಏನು ಮಾಡುತ್ತಾರೆಂದು ಮೊದಲೇ ಹೇಳಿದ್ದೇನೆ. ತಿಂಗಳ ಕೊನೆಯ ದಿನಕ್ಕೆಂದು ಉಳಿಸಿಕೊಂಡಿದ್ದ ಪುಡಿಗಾಸನ್ನೂ ಹಾಕಿ ಸರಾಸರಿ ಮಾಡಿದರು.

ಊಟದ ನಂತರ ಕಂಪನಿಯ ಪ್ರಕಟಣೆ ಬಂತು. ಮಷೀನುಗಳನ್ನು ಕೇಳುವವರೇ ಇಲ್ಲ, ಗೋದಾಮುಗಳಲ್ಲಿ ಜಾಗವೇ ಇಲ್ಲ, ಕಾರ್ಖಾನೆಯ ಒಂದು ಪಾಳಿ ನಿಲ್ಲಿಸಿದ್ದೇವೆ ಎಂದು. ಷೇರು ಬಾವಿಗೆ ಬಿದ್ದ ಕೊಡದಂತೆ ಸದ್ದು ಮಾಡುತ್ತ ಹೋಯಿತು. ಮಾರುತ್ತೇನೆಂದರೂ ಕೊಳ್ಳುವವನಿಲ್ಲ.

"ಸಾರ್, ಈಗೇನ್ಮಾಡೋದು?" ಎಂದು ಕ್ಯಾಷಿಯರ್ ಬಳಿ ಓಡಿದರು.

"ನೀವಿನ್ನೂ ಇಟ್ಕೊಂಡಿದೀರಾ? ನಾನು ಹನ್ನೊಂದೂವರೆಗೇ ಮಾರ್ದೆ. ಲಾಭ ಕಂಡಾಗ ಕೈ ತೊಳ್ಕೋಬೇಕು ಅಂತ ಎಷ್ಟು ಸಲ ಹೇಳಿಲ್ಲ?" ಎಂದು ಕ್ಯಾಷಿಯರ್ ನೋಟುಗಳ ಕಟ್ಟಿಗೆ ರಬ್ಬರ್ ಹಾಕಿದರು. ಒಂದು ಸಲವೂ ಹೇಳಿರಲಿಲ್ಲ.

ಮೇಡಂ ತಮ್ಮ ನೀರಿನ ಬಾಟಲಿಯನ್ನು ಸರಾಸರಿಯವರ ಕಡೆ ತಳ್ಳಿದರು. ಬೈದಿದ್ದರೇ ವಾಸಿಯಿತ್ತು.

ಸಂಜೆ ಸರಾಸರಿಯವರು ಅಂಗಡಿಗೆ ಹೋದರು. ಕೊಳ್ಳಲು ದುಡ್ಡಿಲ್ಲ, ಮನೆಗೆ ಹೋಗಲು ಮುಖವಿಲ್ಲ. ಒಂದು ಪ್ರಶ್ನೆ ಮಾತ್ರ ಎದೆಯಲ್ಲಿ ಕುದಿಯುತ್ತಿತ್ತು. ಅಂಗಡಿಯವನು ಮಷೀನೊಂದರ ಮೇಲೆ ಗಲ್ಲ ಊರಿ ಕುಳಿತಿದ್ದ. ಒಳಗೆ ಒಂದು ನರಪಿಳ್ಳೆಯಿಲ್ಲ.

"ಬೆಳಗ್ಗೆ ಅಷ್ಟು ಜನ ಇದ್ರಲ್ಲ, ಏನಾಯ್ತ್ರೀ?"

ಅಂಗಡಿಯವನು ಎದ್ದೇ ಬಿಟ್ಟ. "ಆ ಕತೆ ಕೇಳ್ಬೇಡಿ! ಬಂದು ನೋಡ್ತೀನಿ, ತಿರುವಿನವರೆಗೆ ಸಾಲು. ಏನು ಬೇಕು ಅಂದ್ರೆ ಒಬ್ಬರಿಗೂ ಗೊತ್ತಿಲ್ಲ. ಹಿಂದಿನವನು ಮುಂದಿನವನ ಕಡೆ ಕೈ ತೋರಿಸ್ತಾನೆ. ಕೊನೆಗೆ ಎಲ್ಲರ ಮುಂದೆ ಹಾಲಿನ ಪಾತ್ರೆ ಹಿಡ್ಕೊಂಡು ಒಬ್ಬ ಅಜ್ಜ. ಅವನು ಹೇಳ್ತಾನೆ, ಯಾವನೋ ಒಬ್ಬ ಗಾಜಿಗೆ ಮೂಗು ಹಚ್ಚಿ, ಒಂದು ಕಣ್ಣು ಮುಚ್ಕೊಂಡು, ದಾರ ಹಿಡ್ಕೊಂಡು ಅಷ್ಟು ಹೊತ್ತು ನೋಡ್ತಿದ್ನಂತೆ. ಒಳಗೆ ಏನೋ ಭಾರಿ ಇರ್ಬೇಕು ಅಂತ ಇವನು ಹಿಂದೆ ನಿಂತ್ನಂತೆ. ಇವನ್ನ ನೋಡಿ ಇನ್ನೊಬ್ಬ. ಊರಿಗೂರೇ!"

ಸರಾಸರಿಯವರಿಗೆ ನೆತ್ತಿಯಿಂದ ಬೆವರಿಳಿಯಿತು. ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆ ಎರಡು ಗಂಟಿನ ಕೆಂಪು ದಾರವೂ ಹೊರಬಂದು ಮಷೀನಿನ ಮೇಲೆ ಬಿತ್ತು.

ಅಂಗಡಿಯವನು ದಾರ ನೋಡಿದ. ಸರಾಸರಿಯವರನ್ನು ನೋಡಿದ. ಗಬಕ್ಕನೆ ಮಣಿಕಟ್ಟು ಹಿಡಿದ. ತಾನೇ ಹುಟ್ಟಿಸಿದ ಸಾಲನ್ನು ನಂಬಿ ತಾನೇ ದುಡ್ಡು ಸುರಿದೆನಲ್ಲಾ ಎಂಬ ಸಂಕಟದಲ್ಲಿದ್ದ ಸರಾಸರಿಯವರು ಎರಡು ಏಟಿಗೂ ಸಿದ್ಧರಾದರು. ತಿಂದರೆ ಮನಸ್ಸಾದರೂ ಹಗುರಾದೀತು ಎನಿಸಿತು.

"ಎಲ್ಲಿದ್ರಿ ಸ್ವಾಮಿ ಇಷ್ಟು ದಿನ!" ಎಂದ ಅಂಗಡಿಯವನು. "ಆ ಸಾಲಿಂದ ಇಬ್ಬರು ಒಳಗೆ ಬಂದ್ರು. ಒಬ್ಬ ಇಸ್ತ್ರಿ ಪೆಟ್ಟಿಗೆ ಕೊಂಡ. ಈ ವಾರದ ಮೊದಲ ವ್ಯಾಪಾರ ರೀ ಅದು! ದಿನಾ ಬೆಳಗ್ಗೆ ಬಂದು ಹಾಗೇ ನಿಲ್ತೀರಾ?"

ಮಾತುಕತೆ ಬೇಗ ಮುಗಿಯಿತು. ಮಷೀನ್ ಈಗಲೇ ಮನೆಗೆ, ದುಡ್ಡು ತಿಂಗಳ ಕಂತಿನಲ್ಲಿ. ಬಡ್ಡಿಯ ಬದಲಿಗೆ, ಕಂತು ತೀರುವವರೆಗೆ ರಜೆಯಿಲ್ಲದೆ ದಿನಾ ಬೆಳಗ್ಗೆ ದಾರ ಹಿಡಿದು ಗಾಜಿನ ಮುಂದೆ ನಿಲ್ಲುವುದು.

ಮನೆಯಲ್ಲಿ ಹೊಸ ಮಷೀನ್ ಗುಂಯ್ ಎಂದು ತಿರುಗತೊಡಗಿದಾಗ ಹೆಂಡತಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಟೀವಿ ನೋಡುವ ಹಾಗೆ ಕುಳಿತಳು. "ನೀವು ಒಳ್ಳೇವ್ರೇ. ಆ ಷೇರಿನ ಹುಚ್ಚೊಂದು ಬಿಟ್ರೆ" ಎಂದಳು. ಸರಾಸರಿಯವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಷೇರಿನ ಸಹವಾಸವೇ ಬೇಡ ಎಂದು ಅವರು ಮನಸ್ಸಿನಲ್ಲೇ ಆಣೆಯಿಟ್ಟರು. ಆ ಹೊತ್ತಿಗೆ ಅದು ನಿಜವಾದ ಆಣೆಯೇ ಆಗಿತ್ತು.

ಮರುದಿನ ಬೆಳಗ್ಗೆ ಗಾಜಿಗೆ ಮೂಗು ಹಚ್ಚಿ, ಒಂದು ಕಣ್ಣು ಮುಚ್ಚಿ ನಿಂತಿದ್ದರು. ಮೊದಲು ಹಾಲಿನ ಪಾತ್ರೆಯ ಅಜ್ಜ ಬಂದ. ಆಮೇಲೆ ಉಳಿದವರು. ಅಷ್ಟರಲ್ಲಿ ಸಂಬಳ ಬಂದ ಸುದ್ದಿ ಫೋನಿನಲ್ಲಿ ಕಿಣಿಕಿಣಿಸಿತು. ಹಿಂದೆಯೇ ಕ್ಯಾಷಿಯರ್ ಕರೆ.

"ಸರಾಸರಿಯವರೇ, ನಿಮ್ಮ ಷೇರು ಇವತ್ತು ನಿನ್ನೆಗಿಂತ ಅಗ್ಗ. ಅಂಗಡಿ ದಾರೀಲಿ ಇದ್ರೆ ನೋಡಿ ಹೇಳಿ, ಇವತ್ತೂ ಸಾಲಿದೆಯಾ?"

ಸರಾಸರಿಯವರು ತಿರುಗಿ ನೋಡಿದರು. ಸಾಲು ತಿರುವನ್ನೂ ದಾಟಿತ್ತು. ನಿನ್ನೆಯದು ತಮ್ಮಿಂದ ಆದದ್ದು, ಒಪ್ಪಿದರು. ಇವತ್ತಿನ ಮೊದಲ ನಾಲ್ಕು ಜನರೂ ತಮ್ಮಿಂದಲೇ ಇರಬಹುದು. ಆದರೆ ಹಿಂದೆ ನಿಂತ ಇಷ್ಟೊಂದು ಜನ, ಮನೆ ಮಠ ಇರುವವರು, ಏನೂ ಇಲ್ಲದೆ ಸುಮ್ಮನೆ ಬಂದು ನಿಲ್ಲುತ್ತಾರೆಯೆ? ಎಲ್ಲರೂ ಮೂರ್ಖರಾಗಿರಲು ಸಾಧ್ಯವೆ?

"ಇದೆ ಸಾರ್. ನಿನ್ನೆಗಿಂತ ಉದ್ದ ಇದೆ" ಎಂದರು.

ಕರೆ ಮುಗಿಸಿ, ಕೈ ಖಾಲಿಯಾಗಲಿ ಎಂದು ಕೆಂಪು ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸಂಬಳದ ದುಡ್ಡಲ್ಲಿ ಸರಾಸರಿ ಮಾಡಿದರು.