ಮತಪೆಟ್ಟಿಗೆಯವರೇ, ನಮ್ಮ ಮಂತ್ರಿ ಬೀಳಲೊಲ್ಲ

ಕರೂರು, ಸಿರುಗುಪ್ಪ ತಾಲೂಕು
೧೯೭೮

ಕಬ್ಬಿಣದೊಡಲಿನ, ಅರಗಿನ ಮುದ್ರೆಯ, ಸಮಸ್ತ ಗ್ರಾಮರಹಸ್ಯಗಳ ಏಕೈಕ ಭಂಡಾರವಾದ ಮಾನ್ಯ ಮತಪೆಟ್ಟಿಗೆಯವರೇ,

ಕರೂರಿನ ನಾಟಕದ ಮಾಸ್ತರ ಉಜ್ಜಿನಪ್ಪನು ರಂಗದ ನಟ್ಟನಡುವೆ ಬಂದು, ಎಡಗೈ ಸೊಂಟಕ್ಕಿಟ್ಟು, ಬಲಗೈ ಮುಗಿಲಿಗೆತ್ತಿ ಮಾಡುವ ಸಾವಿರ ನಮಸ್ಕಾರಗಳು. ನಮ್ಮೂರ ಶಾಲೆಯಲ್ಲಿ ತಾವು ಬೆಳಗಿನಿಂದ ಸಂಜೆಯವರೆಗೆ ಕುಳಿತು, ಕೊಟ್ಟಿದ್ದನ್ನೆಲ್ಲ ನುಂಗಿ, ಒಂದು ಮಾತೂ ಆಡದೆ ಎದ್ದು ಹೋದಿರಲ್ಲ, ಅಂಥ ಗಂಭೀರ ಅಭಿನಯವನ್ನು ನನ್ನ ನಲವತ್ತು ವರ್ಷದ ಬಣ್ಣದ ಬಾಳಿನಲ್ಲಿ ಕಂಡಿಲ್ಲ. ನನ್ನ ದೂರು ತಮ್ಮ ಮೌನದ ಮೇಲಲ್ಲ, ತಾವು ಬಾಯಿ ಬಿಟ್ಟ ದಿನದ ಮೇಲೆ.

ನಮ್ಮೂರಲ್ಲಿ ಓಟು ಹೇಗೆ ಬೀಳುತ್ತದೆಂದು ತಮಗೆ ಹೇಳಿಕೊಡಬೇಕಿಲ್ಲ. ಮೇಲಿನ ಓಣಿಯ ಹಿರಿಯ ಜಡೆಪ್ಪ ಕಟ್ಟೆಯ ಮೇಲೆ ಕುಳಿತು ಒಂದು ಗುರುತು ಹೇಳುತ್ತಾನೆ, ಇಡೀ ಓಣಿ ಅದಕ್ಕೆ ಒತ್ತುತ್ತದೆ. ಕೆಳಗಿನ ಓಣಿ ಅದನ್ನು ಕಿವಿಯಿಟ್ಟು ಕೇಳಿ ಇನ್ನೊಂದಕ್ಕೆ ಒತ್ತುತ್ತದೆ. ತತ್ವ, ಸಿದ್ಧಾಂತ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಈ ಸಲದ ಪಂಚಾಯಿತಿ ಚುನಾವಣೆಯಲ್ಲಿ ಮೇಲಿನವರದು ತಕ್ಕಡಿ, ಕೆಳಗಿನವರದು ಛತ್ರಿ. ಆಗಿನಿಂದ ತಕ್ಕಡಿಯವರು ಮಳೆಯಲ್ಲಿ ತೊಪ್ಪೆಯಾದರೂ ಛತ್ರಿ ಬಿಚ್ಚಲಿಲ್ಲ. ಛತ್ರಿಯವರು ಬೆಲ್ಲವನ್ನು ತೂಗಿಸದೆ ಕಣ್ಣಂದಾಜಿನಲ್ಲೇ ಕೊಂಡು ಮೋಸಹೋದರೂ ತುಟಿ ಬಿಚ್ಚಲಿಲ್ಲ. ಇಂಥ ಎರಡು ಓಣಿಗಳು ವರ್ಷಕ್ಕೊಮ್ಮೆ ಒಂದೇ ಚಪ್ಪರದಡಿ ಕೂಡುವುದು ನನ್ನ ನಾಟಕಕ್ಕೆ ಮಾತ್ರ.

ತಾವು ಮಂಗಳವಾರ ಬಾಯಿ ಬಿಟ್ಟು, ಛತ್ರಿಗೆ ಹನ್ನೊಂದು ಓಟು ಹೆಚ್ಚು ಎಂದಿರಿ. ಶುಕ್ರವಾರ ರಾತ್ರಿಯಿಡೀ ನನ್ನ ನಾಟಕ. ಅದರಲ್ಲಿ ದುಷ್ಟ ಮಂತ್ರಿಯ ಪಾತ್ರ ಕೆಳಗಿನ ಓಣಿಯ ಎರ್ರಿಸ್ವಾಮಿಯದು, ಅವನನ್ನು ಕೊಲ್ಲುವ ಸೇನಾಪತಿ ಮೇಲಿನ ಓಣಿಯ ಮರಿಬಸಪ್ಪ. ಮೂರು ತಿಂಗಳ ತಾಲೀಮಿನಲ್ಲಿ ಕಡಿದ ಬಾಳೆಯಂತೆ ಸೊಗಸಾಗಿ ಒರಗುತ್ತಿದ್ದ ಎರ್ರಿಸ್ವಾಮಿ, ಶನಿವಾರದ ಸೂರ್ಯ ಮೂಡುವ ಹೊತ್ತಿಗೆ, ಎದೆಗೆ ಏಳು ಸಲ ಕತ್ತಿ ನೆಟ್ಟರೂ ಮೀಸೆ ತಿರುವುತ್ತ ನಿಂತೇ ಇದ್ದ. ಪರದೆಯ ಮರೆಯಿಂದ ನಾನು ಕೈ ಮುಗಿದರೆ, "ಮಾಸ್ತರ, ಹನ್ನೊಂದು ಓಟಿಲೆ ಗೆದ್ದೀವಿ, ನಾ ಹ್ಯಾಂಗ ಬೀಳಲ್ರಿ?" ಎಂದು ನನಗೇ ನ್ಯಾಯ ಕೇಳಿದ. ಚಪ್ಪರದ ಈ ಕಡೆಯಿಂದ "ಬಿದ್ದೆಂದ್ರ ಓಣ್ಯಾಗ ಕಾಲಿಡಬ್ಯಾಡಲೇ!" ಎಂಬ ಎಚ್ಚರಿಕೆ, ಆ ಕಡೆಯಿಂದ "ಇನ್ನೊಮ್ಮೆ ತಿವೀಲೇ ಮರಿಬಸ್ಯಾ, ಮರು ಎಣಿಕಿ ಆಗ್ಲಿ!" ಎಂಬ ಗರ್ಜನೆ. ಕಡೆಗೆ ಜಡೆಪ್ಪ ಎದ್ದು, "ಬರೋ ವರ್ಷದಿಂದ ಎರಡು ಓಣಿಗೆ ಎರಡು ನಾಟಕ!" ಎಂದು ಹೆಗಲ ಟವೆಲ್ಲು ಕೊಡವಿದಾಗ, ಮಾನ್ಯರೇ, ಕತ್ತಿ ತಗುಲಿದ್ದು ನನ್ನೆದೆಗೆ.

ಆಗ ಮುಂದೆ ಬಂದವಳು ರಾಣಿಯ ಪಾತ್ರಕ್ಕೆಂದು ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಕರೆಸಿದ್ದ ವಿರೂಪಮ್ಮ. ಮಂತ್ರಿ ನೆಲಕ್ಕೆ ಬೀಳುವತನಕ ತಾನು ಕೂಡುವುದಿಲ್ಲವೆಂದು ರಾಣಿ ಮೂರನೆಯ ಅಂಕದಲ್ಲಿ ಪ್ರತಿಜ್ಞೆ ಮಾಡುತ್ತಾಳೆ. ಅದನ್ನು ಬರೆದ ಪಾಪಿ ನಾನೇ. ಎರಡು ತಾಸು ನಿಂತು ಮೊಣಕಾಲು ಹಿಡಿದಿದ್ದ ಆಕೆ ಮರಿಬಸಪ್ಪನ ಕತ್ತಿಯನ್ನು ಕಸಿದುಕೊಂಡು, "ನನ್ನ ಓಟು ಬಳ್ಳಾರ್ಯಾಗೈತ್ರಪಾ. ನಿಮ್ಮ ಛತ್ರಿನೂ ಅಲ್ಲ, ತಕ್ಕಡಿನೂ ಅಲ್ಲ. ಏಳರ ಬಸ್ಸಿಗೆ ಹೋಗಾಕಿ ಅದೀನಿ!" ಎಂದು ಅಬ್ಬರಿಸಿ ಎರ್ರಿಸ್ವಾಮಿಗೆ ತಿವಿದಳು. ಅವನು ತನ್ನ ಓಣಿಯತ್ತ ನೋಡಿದ. ಹಿರಿಯರು ತಲೆಗೆ ತಲೆ ಕೂಡಿಸಿದರು. "ಪರೂರಾಕಿ, ಓಟಿಲ್ಲದಾಕಿ. ಬಿದ್ರ ಅವಮಾನಿಲ್ಲ, ಬೀಳಲೇ" ಎಂಬ ಅಪ್ಪಣೆ ಬಂದದ್ದೇ ತಡ, ಇಷ್ಟು ಹೊತ್ತು ಕೂಡಿಟ್ಟ ಸಾವನ್ನೆಲ್ಲ ಒಮ್ಮೆಲೇ ಸತ್ತ ಎರ್ರಿಸ್ವಾಮಿಯ ಭಾರಕ್ಕೆ ರಂಗದ ಹಲಗೆ ಮುರಿಯಿತು. ವಿರೂಪಮ್ಮ ಸಿಂಹಾಸನದ ಮೇಲೆ ಕುಕ್ಕರಿಸಿದಳು. ಎರಡೂ ಓಣಿಗಳು ಒಂದೇ ಏಟಿಗೆ ಚಪ್ಪಾಳೆ ತಟ್ಟಿದವು, ಜಡೆಪ್ಪನೂ ತಟ್ಟಿದ, ಎರಡು ನಾಟಕದ ಮಾತನ್ನು ಯಾರೂ ಎತ್ತಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಮುಂದಿನ ಸಲ ನಮ್ಮ ನಾಟಕದ ಮಂಗಳ ಹಾಡುವವರೆಗೆ ತಾವು ಬಾಯಿ ಬಿಡಬಾರದು, ಅದು ಆಗದಿದ್ದರೆ ಎರಡೂ ಗುರುತಿನ ಚೀಟಿಗಳನ್ನು ಹೊಟ್ಟೆಯೊಳಗೇ ಸರಿಸಮ ಮಾಡಿಕೊಂಡು ಬರಬೇಕು, ನಮ್ಮ ಮಂತ್ರಿ ಮೊಣಕಾಲೂರುವಷ್ಟಾದರೂ ಒಪ್ಪಿಯಾನು.

ತಮ್ಮ ವಿಶ್ವಾಸಿಯೂ, ತಮ್ಮ ಬಾಯಿಂದಲೇ ಬಾಧಿತನೂ ಆದ,
ಉಜ್ಜಿನಪ್ಪ ಮಾಸ್ತರ

ತಾ.ಕ.: ವಿರೂಪಮ್ಮನ ಹೆಸರನ್ನು ಕರೂರಿನ ಮತದಾರರ ಪಟ್ಟಿಗೆ ಸೇರಿಸಬೇಕೆಂದು ಎರಡು ಅರ್ಜಿಗಳು ಹೋಗಿವೆ. ಒಂದು ಛತ್ರಿಯವರದು, ಒಂದು ತಕ್ಕಡಿಯವರದು. ಆಕೆ ತಮ್ಮವಳೇ ಎಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ. ಎರಡಕ್ಕೂ ಸಾಕ್ಷಿ ಸಹಿ ಹಾಕಿದವನು ನಾನೇ, ಎರಡೂ ಓಣಿಯಲ್ಲಿ ಬಾಳಬೇಕಲ್ಲ. ಆಕೆ ಚೀಟಿ ಹಿಡಿದು ಎದುರು ಬಂದ ದಿನ ತಾವು ದಯವಿಟ್ಟು ಹಲ್ಲು ಕಚ್ಚಿಕೊಂಡು, ಅದನ್ನು ನುಂಗದೆ ಇರಿ. ಆಕೆಗೂ ಒಂದು ಓಣಿ ಸಿಕ್ಕಿಬಿಟ್ಟರೆ ನಮ್ಮ ಮಂತ್ರಿಯನ್ನು ಕೊಲ್ಲುವವರು ಯಾರು?