ಸಾಲು ಬಿಡದ ಲಿಬ್ರಾದೊ

ಮೇಲಧಿಕಾರಿಯ ತಾಯಿ ತೀರಿಕೊಂಡ ಸುದ್ದಿ ಬಂದಾಗ ಲಿಬ್ರಾದೊಗೆ ಮೊದಲು ನೆನಪಾದದ್ದು ಸಮುದ್ರ. ಅದಕ್ಕಾಗಿ ಅವನಿಗೆ ನಾಚಿಕೆಯೂ ಆಯಿತು.

ಅವನು ಮರುಭೂಮಿಯ ಊರಾದ ಮೆಹಿಕಾಲಿಯ ನೀರಿನ ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಗುಮಾಸ್ತ. ಅಲ್ಲಿಯ ಜುಲೈ ಎಂದರೆ ಚಪ್ಪಲಿಯ ಅಟ್ಟೆ ಡಾಂಬರಿಗೆ ಅಂಟುವ ಕಾಲ. ಆ ಊರಿನ ಪಾಪಿಯೊಬ್ಬ ನರಕಕ್ಕೆ ಹೋಗಿ, ಚಳಿ ತಡೆಯಲಾರದೆ ಕಂಬಳಿಗಾಗಿ ಮನೆಗೆ ವಾಪಸು ಬಂದನೆಂದು ಊರವರೇ ಹೇಳಿಕೊಂಡು ನಗುತ್ತಾರೆ. ಲಿಬ್ರಾದೊ ನಗುತ್ತಿರಲಿಲ್ಲ. ಹೆಂಡತಿಯ ಉಬ್ಬಸಕ್ಕೆ ಈ ಧೂಳು ಆಗದು, ಕಡಲ ಗಾಳಿ ಬೇಕು ಎಂದು ವೈದ್ಯರು ಹೇಳಿ ವರ್ಷಗಳಾಗಿದ್ದವು. ಅವನನ್ನು ಕಡಲ ದಂಡೆಯ ಎನ್ಸೆನಾದ ಶಾಖೆಗೆ ವರ್ಗ ಮಾಡಬಲ್ಲವರು ಮೇಲಧಿಕಾರಿ ದೋನ್ ಎವಾರಿಸ್ತೊ ಒಬ್ಬರೇ. ಅವರ ತಾಯಿಯ ಮಣ್ಣು ಮರುದಿನ ಸಂಜೆ, ಎನ್ಸೆನಾದಲ್ಲಿ.

ಕಚೇರಿಯವರು ಚಂದಾ ಎತ್ತಿ ಲಾರಿ ಚಕ್ರದಷ್ಟು ದೊಡ್ಡ ಹೂವಿನ ಚಕ್ರ ಮಾಡಿಸಿದರು.

"ನೀನೇ ತಗೊಂಡ್ಹೋಗು," ಎಂದಳು ಪಕ್ಕದ ಮೇಜಿನ ಒಬ್ದುಲಿಯಾ. "ಸುಮ್ನೆ ಕೊಟ್ಟು ಬರಬೇಡ, ಎರಡು ಹನಿ ಕಣ್ಣೀರು ಹಾಕು. ಈರುಳ್ಳಿ ಬೇಕಾ?"

"ಬೇಡಮ್ಮ. ವರ್ಗದ ವಿಷ್ಯ ನೆನೆಸ್ಕೊಂಡ್ರೆ ತಾನಾಗೇ ಬರುತ್ತೆ."

ಹೂವಿನ ಚಕ್ರವನ್ನು ಕಾರಿನ ನೆತ್ತಿಗೆ ಕಟ್ಟಿದರು. ಅದರ ನೇರಳೆ ಪಟ್ಟಿಯ ಮೇಲೆ 'ಮೆಹಿಕಾಲಿಯ ಗೆಳೆಯರಿಂದ' ಎಂಬ ಬಂಗಾರದ ಅಕ್ಷರಗಳು.

ನಡುವೆ ಸಿಗುವ ಗಡಿ ಊರು ತಿಹುವಾನಾದಲ್ಲಿ ದಾರಿ ತಪ್ಪಿತು. ಹೊರಳಬೇಕಾದಲ್ಲಿ ಬಸ್ಸೊಂದು ಫಲಕಕ್ಕೆ ಅಡ್ಡ ನಿಂತಿತ್ತು. ಅವನು ನೇರ ಹೋದ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಎರಡೂ ಬದಿಗೆ ಸಿಮೆಂಟಿನ ಗೋಡೆ, ಎದುರಿಗೆ ಅಮೆರಿಕದ ಗಡಿದ್ವಾರ, ನಡುವೆ ಇರುವೆ ಸಾಲಿನಂತೆ ಕಾರುಗಳು. ಅವನ ಬಳಿ ವೀಸಾ ಇರಲಿಲ್ಲ. ಅಮೆರಿಕದ ಆಸೆಯೂ ಇರಲಿಲ್ಲ.

ಕಾರುಗಳ ನಡುವೆ ಚುರೋಸ್ ಎಂಬ ಕರಿದ ಸಿಹಿತಿಂಡಿ ಮಾರುತ್ತಿದ್ದ ಮುದುಕಿ ಕುಕಾ ಹೂವನ್ನು ನೋಡಿದಳು. "ಯಾರಪ್ಪಾ ತೀರ್ಕೊಂಡಿದ್ದು? ಅಮೆರಿಕನಾ?"

ಲಿಬ್ರಾದೊ ಕಷ್ಟ ಹೇಳಿಕೊಂಡ.

"ಮುಂದೆ ಒಂದು ಕಡೆ ಗೋಡೆ ತೆರೆದಿದೆ ಮಗಾ. ಪೊಲೀಸು ಒಂದೊಂದೇ ಗಾಡೀನ ಹೊರಗೆ ಬಿಡ್ತಾನೆ. ಅಲ್ಲೀವರೆಗೂ ಯಾರಿಗೂ ಜಾಗ ಕೊಡಬೇಡ. ಇಲ್ಲಿ ಒಬ್ಬನಿಗೆ ದಾರಿ ಬಿಟ್ರೆ ಅವನ ಹಿಂದೆ ಇಡೀ ವಂಶ ನುಗ್ಗುತ್ತೆ."

ಕಂಬಳಿ ಮಾರುವವನೊಬ್ಬ ಕಿಟಕಿಗೆ ತಲೆ ಹಾಕಿದ. "ಕಂಬಳಿ ಸಾರ್?"

"ಈ ಬಿಸಿಲಲ್ಲಾ? ಮೆಹಿಕಾಲಿಯವನಯ್ಯ ನಾನು."

"ಹಾಗಾದ್ರೆ ಸತ್ತ ಮೇಲೆ ಬೇಕಾಗುತ್ತೆ, ತಗೊಳ್ಳಿ."

ಮಧ್ಯಾಹ್ನವೆಲ್ಲ ತೆವಳಿ ಕಾರು ತೆರವಿನ ಬಳಿ ಬಂದಾಗ, ಪಕ್ಕದ ಸಾಲಿನಿಂದ ಬೂದು ಬಣ್ಣದ ವ್ಯಾನೊಂದು ಮೂತಿ ತೂರಿಸಿತು. ಕಪ್ಪು ಟೈ ಕಟ್ಟಿದ ಚಾಲಕ ಕೈ ಮುಗಿದ.

"ಅಣ್ಣಾ, ಸ್ವಲ್ಪ ದಾರಿ ಬಿಡಿ. ನಾನೂ ತಪ್ಪಿ ಬಂದೆ. ಹಿಂದೆ ವಯಸ್ಸಾದ ಅಮ್ಮ ಮಲಗಿದ್ದಾರೆ, ಎನ್ಸೆನಾದಲ್ಲಿ ಕಾಯ್ತಿದ್ದಾರೆ."

"ಮಲಗಿದ್ದಾರಲ್ಲ, ಮಲಗಲಿ ಬಿಡಪ್ಪ. ಅವರಿಗೇನು ಅವಸರ? ಅವಸರ ನನಗೆ."

"ಬಿಡಬೇಡ ಮಗಾ!" ಎಂದು ಕುಕಾ ವ್ಯಾನಿನ ಮೂತಿಗೆ ಗುದ್ದಿದಳು. ಹಿಂದಿನ ಲಾರಿಯವನು ಹಾರನ್ ಒತ್ತಿದ. ಚಾಲಕ ಕೂಗಿ ಹೇಳಿದ್ದು ಅದರಲ್ಲಿ ಮುಳುಗಿತು. ಲಿಬ್ರಾದೊ ಹಲ್ಲು ಕಚ್ಚಿ, ಬೆರಳೂ ತೂರದಂತೆ ಮುಂದಿನ ಕಾರಿಗೆ ಅಂಟಿಕೊಂಡ. ಪೊಲೀಸಿನವನು ಹೂವಿಗೆ ಟೋಪಿ ತೆಗೆದು ಅವನನ್ನು ಹೊರಬಿಟ್ಟ, ಸಾಕಿನ್ನು ಎಂದು ಅಡ್ಡ ಹಗ್ಗ ಎಳೆದ. ಹಿಂಗನ್ನಡಿಯಲ್ಲಿ ಬೂದು ವ್ಯಾನು ಅಮೆರಿಕದತ್ತ ತೆವಳುವುದು ಕಂಡಿತು. ಜೀವನದಲ್ಲಿ ಮೊದಲ ಬಾರಿಗೆ ಲಿಬ್ರಾದೊ ಯಾರನ್ನೋ ಹಿಂದೆ ಹಾಕಿದ್ದ.

ಎನ್ಸೆನಾದ ಗುಡ್ಡದ ಸ್ಮಶಾನದಲ್ಲಿ ಕಡಲ ಮಂಜು ಕವಿದಿತ್ತು. ತಡವಾಯಿತೆಂದು ಹೂವಿನ ಚಕ್ರ ಹೊತ್ತು ಓಡಿ ಬಂದು ಗುಂಡಿಯ ಬಳಿ ಒರಗಿಸಿದರೆ, ಜನ ಸುತ್ತಲೂ ಇನ್ನೂ ಕಾಯುತ್ತಲೇ ನಿಂತಿದ್ದರು, ಗುಂಡಿ ತೆರೆದೇ ಇತ್ತು. ದೋನ್ ಎವಾರಿಸ್ತೊ ಅವನನ್ನು ತಬ್ಬಿಕೊಂಡರು.

"ಅಷ್ಟು ದೂರದಿಂದ ನೀನೊಬ್ಬನೇ ಬಂದೆಯಲ್ಲಯ್ಯ. ಮನೆಯವರಿಗೆ ಉಬ್ಬಸ ಅಂದಿದ್ದೆ ಅಲ್ವಾ? ಈ ತಿಂಗಳೇ ಇಲ್ಲಿಗೆ ಬಂದುಬಿಡು."

ಲಿಬ್ರಾದೊಗೆ ಈರುಳ್ಳಿ ಬೇಕಾಗಲಿಲ್ಲ. ಮೂಗು ಒರೆಸಿಕೊಂಡು ಕೇಳಿದ, "ಅಮ್ಮನ ಮುಖ ಒಂದು ಸಲ ನೋಡಬಹುದಾ ಸಾರ್?"

"ಎಲ್ಲಿಂದ ನೋಡ್ತೀಯ? ತಿಹುವಾನಾದಲ್ಲಿ ಅಕ್ಕನ ಮನೇಲಿ ತೀರ್ಕೊಂಡ್ರು. ಬೆಳಿಗ್ಗೇನೇ ವ್ಯಾನು ಹೊರಟಿದೆ, ಇನ್ನೂ ಪತ್ತೆಯಿಲ್ಲ."

ಲಿಬ್ರಾದೊಗೆ ಥಟ್ಟನೆ ಚಳಿಯಾಯಿತು. ಕಂಬಳಿ ಕೊಳ್ಳಬೇಕಿತ್ತು ಅನ್ನಿಸಿತು. ಮೆಲ್ಲಗೆ ಸರಿದು ಹೂವಿನ ಚಕ್ರಕ್ಕೆ ಬೆನ್ನು ಕೊಟ್ಟು ನಿಂತ. ಅದು ಅವನ ಸುತ್ತ ಸಂತರ ಪ್ರಭಾವಳಿಯಂತೆ ಹೊರಚಾಚಿತು.

ಬೂದು ವ್ಯಾನು ಬಂತು. ಕಪ್ಪು ಟೈ ಇಳಿಯಿತು.

"ಕ್ಷಮಿಸಿ ಯಜಮಾನ್ರೆ. ಒಬ್ಬ ಪುಣ್ಯಾತ್ಮ ದಾರಿ ಬಿಡಲಿಲ್ಲ. ಗಡಿದ್ವಾರದ ತನಕ ಹೋಗಿ, ಅಮ್ಮನ ವೀಸಾ ಎಲ್ಲಿ ಅಂತ ಕೇಳಿಸ್ಕೊಂಡು ಬಂದೆ. ಅವನ ಮುಖ ಸರಿಯಾಗಿ ನೋಡಲಿಲ್ಲ. ಕಾರಿನ ಮೇಲೆ ಮಾತ್ರ..."

ಅವನ ಕಣ್ಣು ಹೂವಿನ ಮೇಲೆ ನಿಂತಿತು. ದೋನ್ ಎವಾರಿಸ್ತೊ ಬಂಗಾರದ ಅಕ್ಷರಗಳನ್ನು ನಿಧಾನವಾಗಿ ಓದಿದರು. ಕೆಳಗೆಲ್ಲೋ ಅಲೆಯೊಂದು ದಡಕ್ಕೆ ಬಂದು ಹಿಂದೆ ಹೋಯಿತು.

"ಲಿಬ್ರಾದೊ," ಎಂದರು ಮೆಲುದನಿಯಲ್ಲಿ, "ಸಾಲಿನ ವಿಷ್ಯದಲ್ಲಿ ಇಷ್ಟು ಕಟ್ಟುನಿಟ್ಟಾದ ಮನುಷ್ಯನ್ನ ದೂರಿನ ಕಿಟಕಿಯಿಂದ ಎಬ್ಬಿಸೋದು ಇಲಾಖೆಗೇ ನಷ್ಟ."

ಎಲ್ಲರ ಕೊನೆಯಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿ ಲಿಬ್ರಾದೊ ಕಾರಿಗೆ ಬಂದ. ನಾಲ್ಕೂ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಕಾದ. ಆಮೇಲೆ ಒಂದೊಂದಾಗಿ ಮುಚ್ಚಿ, ಕಿಟಕಿಗಳನ್ನೆಲ್ಲ ಬಿಗಿಯಾಗಿ ಏರಿಸಿದ. ಒಳಗೆ ಸಿಕ್ಕಿದಷ್ಟು ಕಡಲ ಗಾಳಿಯಾದರೂ ಮನೆ ತಲುಪಲಿ ಎಂದು.