ಮುನಿಯಾ ಹಕ್ಕಿಯ ಬಾಣಂತನ

ಸಿಟ್ಟು ನನಗೆ ಹೊಸದಲ್ಲ. ಭದ್ರಾವತಿಯ ಕಾರ್ಖಾನೆ ಲೈನುಮನೆಗಳ ನಲ್ಲಿಯ ಹತ್ತಿರ ತಮಿಳಿನವರಾಗಲಿ, ತೆಲುಗಿನವರಾಗಲಿ ಕೊಡವನ್ನು ಸಾಲು ತಪ್ಪಿಸಿ ಮುಂದೆ ತಳ್ಳಿದರೆ, ಅವರವರ ಭಾಷೆಯಲ್ಲೇ ಬೈದು ಹಿಂದೆ ಸರಿಸುತ್ತಿದ್ದವಳು ನಾನು. ಅಂಥವಳು ಹೆಬ್ಬೆರಳಿನಷ್ಟಿದ್ದ ಒಂದು ಹಕ್ಕಿಯ ಎದುರು ಸೋತೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಾಲ್ಕಕ್ಷರ ಕಲಿತದ್ದು ಮಗಳ ಸ್ಲೇಟಿನಲ್ಲಿ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಶಿವಮೊಗ್ಗದ ಗಾಂಧಿ ಬಜಾರಿಗೆ ಕಂಬಳಿ ತರಲು ಹೋದ ನಮ್ಮ ಮನೆಯವರು ಮೂರು ಜೊತೆ ಕೆಂಪು ಮುನಿಯಾ ಹಕ್ಕಿ ಹಿಡಿದುಕೊಂಡು ಬಂದರು. "ಕಂಬಳಿ ಎಲ್ರೀ?" ಎಂದೆ. "ಹಕ್ಕಿ ಮಾರೋ ಸಾಬರು ಹೇಳಿದ್ರು ಕಣೇ, ಇವು ಮನೇಲೇ ಮರಿ ಮಾಡ್ತವಂತೆ" ಎಂದರು. ಕೇಳಿದ್ದೇನು, ಹೇಳಿದ್ದೇನು! ಮಾರನೆಯ ದಿನವೇ ಹಿತ್ತಲಲ್ಲಿದ್ದ ನನ್ನ ಬಸಳೆ ಚಪ್ಪರ ಕಿತ್ತುಹಾಕಿ, ಅದೇ ಗೂಟಗಳಿಗೆ ತಂತಿಬಲೆ ಬಿಗಿದು ಆಳೆತ್ತರದ ಪಂಜರ ಕಟ್ಟಿದರು. ಮನೆಯ ಒಂದು ಹೆಂಚು ಸರಿಸಲು ವರ್ಷ ತೆಗೆದುಕೊಳ್ಳುವ ಮನುಷ್ಯ.

ಮಳೆ ಹಿಡಿದಂತೆ ಗಂಡುಗಳ ಮೈ ಕೆಂಪಾಗಿ ಬಿಳಿ ಚುಕ್ಕಿ ಮೂಡಿದವು. ಅದರಲ್ಲೊಂದಕ್ಕೆ ಇಡೀ ಪಂಜರ ತನ್ನದೇ ಎನಿಸಿಬಿಟ್ಟಿತು. ನವಣೆ ಬಟ್ಟಲಿನ ಹತ್ತಿರ ಯಾರನ್ನೂ ಬಿಡದು. ಇನ್ನೊಂದು ಗಂಡಿನ ನೆತ್ತಿಯ ಪುಕ್ಕ ಕಿತ್ತು ಬೋಳು ಮಾಡಿತು. ನಾನು ಕೈ ಹಾಕಿದರೆ ಉಗುರಿನ ಬುಡಕ್ಕೇ ಕುಕ್ಕುತ್ತಿತ್ತು.

"ಈ ರೌಡೀನ ಸಾಬರಿಗೇ ವಾಪಸ್ ಕೊಟ್ಟು ಬನ್ನಿ."

"ಅದು ಗೂಡು ಕಟ್ತಿದೆ ಮಾರಾಯ್ತಿ, ಸುಮ್ನಿರು."

"ಮನೆ ಕಟ್ಟೋರೆಲ್ಲ ಪಕ್ಕದ ಮನೆಯವರ ತಲೆ ಬೋಳಿಸ್ತಾರಾ?"

ಅಷ್ಟರಲ್ಲಿ ಅದರ ಹೆಣ್ಣು ಐದು ಮೊಟ್ಟೆ ಇಟ್ಟಿತು. ಅವರೆಕಾಳಿನ ಗಾತ್ರ, ಬೆಳ್ಳಗೆ. ನೋಡಿದೊಡನೆ ನನ್ನ ಸಿಟ್ಟೂ ಒಂದು ಗಳಿಗೆ ಮೆತ್ತಗಾಯಿತೆನ್ನಿ. ಆ ವಾರವೇ ನಮ್ಮವರು ತಂಗಿಯ ಮನೆಯ ಮದುವೆಗೆಂದು ನಾಲ್ಕು ದಿನ ಶಿವಮೊಗ್ಗಕ್ಕೆ ಹೊರಟರು. "ಮೊಟ್ಟೆ ಹುಷಾರು. ಮರಿಯಾಗ್ಲೇಬೇಕು" ಎಂದು ಮೂರು ಸಲ ಹೇಳಿದರು.

ಹುಷಾರಾಗಿಯೇ ನೋಡಿಕೊಂಡೆ. ನಾನು ಆರು ಹೆತ್ತವಳು. ಆರು ಸಲವೂ ಆಯನೂರಿನ ತವರಿನಲ್ಲಿ, ಕತ್ತಲೆ ಕೋಣೆಯಲ್ಲಿ, ಬಿಸಿನೀರು, ಕಾಳುಮೆಣಸಿನ ಸಾರು. ಐದು ತಿಂಗಳು ಗಂಡ ಎನ್ನುವವನು ಆ ಕೋಣೆಯೊಳಗೆ ಇಣುಕುವಂತಿರಲಿಲ್ಲ. ಇಲ್ಲಿ ನೋಡಿದರೆ ಈ ಪಾಪದ ಹೆಣ್ಣು ಆ ರೌಡಿಯ ಕಣ್ಣೆದುರೇ ಬಾಣಂತನ ಮಾಡಿಕೊಳ್ಳಬೇಕು! ಗೂಡು, ಹೆಣ್ಣು, ಮೊಟ್ಟೆ ಎಲ್ಲವನ್ನೂ ಜೋಪಾನವಾಗಿ ಬುಟ್ಟಿಗೆ ಹಾಕಿ, ಮೇಲೆ ಹಳೆ ಸೀರೆ ಹೊದಿಸಿ, ಸೌದೆ ಕೋಣೆಯ ಬೆಚ್ಚಗಿನ ಮೂಲೆಯಲ್ಲಿಟ್ಟೆ. ಹೊರಗೆ ರೌಡಿ ಯಾರನ್ನೂ ಕುಕ್ಕದೆ, ಗೂಡಿದ್ದ ಕಡ್ಡಿಯ ಮೇಲೆ ಕೂತು ಕೂಗತೊಡಗಿತು. "ಕೂಗು, ಬುದ್ಧಿ ಬರಲಿ" ಎಂದೆ. ಒಳಗೆ ಹೆಣ್ಣು ಬುಟ್ಟಿಗೆ ರೆಕ್ಕೆ ಬಡಿಯಿತೇ ಹೊರತು ಮೊಟ್ಟೆಯ ಮೇಲೆ ಕೂರಲಿಲ್ಲ. ಚೊಚ್ಚಲು, ಗಾಬರಿ ಎಂದುಕೊಂಡೆ.

ಮದುವೆ ಮುಗಿಸಿ ಬಂದ ನಮ್ಮವರು ಚಪ್ಪಲಿ ಬಿಡುವ ಮುಂಚೆಯೇ ಹಿತ್ತಲಿಗೆ ಹೋದರು.

"ಗೂಡು ಎಲ್ಲೇ?"

"ಬಾಣಂತನಕ್ಕೆ ಕಳಿಸಿದೀನಿ."

ಸೌದೆ ಕೋಣೆಯಲ್ಲಿ ಸೀರೆ ಸರಿಸಿ ಮೊಟ್ಟೆ ಮುಟ್ಟಿ ನೋಡಿದರು. ಬಾವಿಯ ಕಲ್ಲಿನಷ್ಟು ತಣ್ಣಗಾಗಿದ್ದವು. "ಗಂಡೂ ಕಾವು ಕೂರುತ್ತೆ ಮಾರಾಯ್ತಿ. ಅದೊಂದು ಹೊತ್ತು, ಇದೊಂದು ಹೊತ್ತು. ಕಾರ್ಖಾನೆ ಶಿಫ್ಟ್ ಇದ್ದಂಗೆ. ಅಷ್ಟೂ ಗೊತ್ತಾಗಲ್ವಾ?"

ತಪ್ಪು ನನ್ನದೇ. ಆದರೆ ಆ ಕೊನೆಯ ಮಾತಿಗೆ ನನ್ನ ಮೈ ಉರಿದುಹೋಯಿತು. "ಹೆಂಗ್ರೀ ಗೊತ್ತಾಗ್ಬೇಕು? ಆರು ಹೆತ್ತೆ. ಒಂದನ್ನಾದ್ರೂ ಹತ್ತು ನಿಮಿಷ ಎತ್ಕೊಂಡಿದೀರಾ? ಗಂಡೂ ಕೂರುತ್ತೆ ಅನ್ನೋದನ್ನ ನಾನು ಯಾವ ಮನೇಲಿ ನೋಡ್ಲಿ?"

ಅವರು ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದರು. ಹೆಣ್ಣನ್ನು ಪಂಜರಕ್ಕೆ ಬಿಟ್ಟು, ಉಳಿದೆರಡು ಜೊತೆಯನ್ನು ಬೇರೆ ತಂತಿಗೂಡಿಗೆ ಹಾಕಿದರು. ಜಾಗವೆಲ್ಲ ತನ್ನದಾದ ಮೇಲೆ ರೌಡಿ ಮತ್ತೆ ಗೂಡು ಕಟ್ಟಿತು. ಈ ಸಲ ನಾನು ದೂರದಲ್ಲಿ ನಿಂತು ನೋಡಿದೆ. ಹೌದು, ಕೂರುತ್ತಿತ್ತು ಮುಂಡೇದು, ಗಂಟೆಗಟ್ಟಲೆ. ನಾಲ್ಕು ಮರಿಯಾದವು.

ಅದೇ ಚಳಿಗಾಲ ನಮ್ಮ ದೊಡ್ಡ ಮಗಳ ಬಾಣಂತನ. ಎಂಟನೆಯ ದಿನಕ್ಕೇ ಅಳಿಯ ಬಾಗಿಲಲ್ಲಿ ನಿಂತು, "ಅತ್ತೆ, ಮಗು ನೋಡ್ಬಹುದಾ?" ಎಂದ. ಬೈಯಲು ಬಾಯಿ ತೆರೆದವಳು, ಹಿತ್ತಲ ಕಡೆ ನೋಡಿ ಬಾಯಿ ಮುಚ್ಚಿಕೊಂಡೆ. "ಬಾ, ಕೂತ್ಕೋ" ಎಂದು ಮಗುವನ್ನು ಅವನ ತೊಡೆಯ ಮೇಲೆ ಹಾಕಿದೆ. ಅವನು ಹಿಡಿದದ್ದು ಸರಿಯಿಲ್ಲ. ಕುತ್ತಿಗೆ ಹಿಡಿ ಎಂದೆ. ಹಿಡಿದ, ಅದೂ ಸರಿಯಿಲ್ಲ. ಮೊಣಕೈಗೆ ಒಂದು ತಟ್ಟಿದೆ. ನೋಡಲು ಬಂದ ನಮ್ಮವರನ್ನು ಬಾಗಿಲಿನಿಂದಲೇ ಅಟ್ಟಿದೆ. ಕೊನೆಗೆ ತಡೆಯಲಾರದೆ ಮಗುವನ್ನು ಕಿತ್ತುಕೊಂಡೆ.

ಮಲಗಿದ್ದಲ್ಲಿಂದಲೇ ಮಗಳು ಹೊರಗಿದ್ದ ಅಪ್ಪನಿಗೆ ಕೇಳುವಂತೆ ಹೇಳಿದಳು: "ಅಪ್ಪಾ, ಅಮ್ಮನ್ನೂ ಬೇರೆ ಗೂಡಿಗೆ ಹಾಕಿ."